ಇಲಿಮನೆಯಲ್ಲಿ ತಪ್ಪೊಪ್ಪಿಕೊಂಡವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಇಲಿ ಕಚ್ಚಿದ್ದು. ಕೇಳಿದರೆ, “ಅದ್ರ ತಪ್ಪಲ್ಲ ಕಣವ್ವ, ನಾನೇ ಅವಸ್ರಕ್ಕೆ ಕೈ ಆಕ್ದೆ” ಎನ್ನುತ್ತಿದ್ದರು.

ದುದ್ದದಿಂದ ಮೊದಲ ಬಸ್ಸಿಗೆ ಬಂದು, ಹಾಸನದ ನಮ್ಮ ಪ್ರಯೋಗಾಲಯದ ಇಲಿಮನೆಯ ಬಾಗಿಲು ತೆಗೆದು, ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಕೆಲಸಗಾರರು ಅವರು. ದಿನವೂ ಹಾಕುವ ರೇಡಿಯೋವನ್ನು ಇಲಿಗೆ ಸೂಜಿ ಚುಚ್ಚುವ ದಿನ ಹಾಕುತ್ತಿರಲಿಲ್ಲ. ಪ್ರಯೋಗಕ್ಕೆಂದು ಹೃದಯ ಕೆಡಿಸಿದ ಇಲಿಗಳಲ್ಲಿ ಅರ್ಧಕ್ಕೆ ಹೊಸ ಔಷಧ, ಅರ್ಧಕ್ಕೆ ಬರೀ ಉಪ್ಪುನೀರು. ಆಮೇಲೆ ಅವುಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಹೃದಯ ಎಷ್ಟು ಚೇತರಿಸಿಕೊಂಡಿದೆ ಎಂದು ಅಳೆಯುವುದು ನನ್ನ ಕೆಲಸ. ಯಾವ ಇಲಿ ಯಾವುದೆಂದು ತಿಳಿಯಲು ಬಾಲಕ್ಕೆ ಪೆನ್ನಿನಲ್ಲಿ ಬಳೆಯಂಥ ಗೆರೆ ಬರೆದಿರುತ್ತಿದ್ದರು. ಇಲಿಗಳು ಅದನ್ನು ನೆಕ್ಕಿ ಅಳಿಸುತ್ತವೆ. ಮೂರು ದಿನಕ್ಕೊಮ್ಮೆ ಅವರು ಮತ್ತೆ ತಿದ್ದುತ್ತಿದ್ದರು.

ಒಂದು ವಾರ ಪೆನ್ನು ಮುಗಿದಿತ್ತು. ಎರಡು ಸಲ ಕೇಳಿದರು, ಯಾರೂ ತರಿಸಲಿಲ್ಲ. ಗೂಡು ತೊಳೆಯುವಾಗ ಬಾಲದ ಬಳೆ ಅಳಿಸಿಹೋದ ಎರಡು ಇಲಿಗಳನ್ನು, ಔಷಧದ್ದೊಂದು ಉಪ್ಪುನೀರಿನದ್ದೊಂದು, ಅಂದಾಜಿನ ಮೇಲೆ ಗೂಡಿಗೆ ಬಿಟ್ಟರು. ನಾನು ಅಳತೆ ಮುಗಿಸಿದ ಮೇಲೆ, ತಾವಾಗಿಯೇ ನನ್ನ ಮಾರ್ಗದರ್ಶಕರ ಮುಂದೆ ಬಂದು ನಿಂತರು.

“ಸಾ, ಆ ಎಲ್ಡು ಇಲಿ ಅದ್ಲುಬದ್ಲಾಗಿರ್ಬೋದು. ತಪ್ಪು ನಂದೇ. ಅವುನ್ನ ಲೆಕ್ಕುಕ್ಕೆ ತಗಾಬ್ಯಾಡಿ.”

“ಗೂಡು ತೊಳೆಯೋನು ನನಗೆ ವಿಜ್ಞಾನ ಹೇಳ್ಕೊಡ್ತೀಯೇನಯ್ಯಾ?” ಎಂದು ಮಾರ್ಗದರ್ಶಕರು ನಕ್ಕರು. ಔಷಧ ಕೆಲಸ ಮಾಡಿದೆ ಎಂದು ಅವರಿಗೆ ಆಗಲೇ ಖುಷಿಯಾಗಿತ್ತು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಸೋಮವಾರದಿಂದ ಬರಬೇಡವೆಂದು ಮಾರ್ಗದರ್ಶಕರು ಅವರಿಗೆ ಹೇಳಿದರು. ಕಾರಣ, ಅಜಾಗರೂಕತೆ. ಅಜಾಗರೂಕತೆಯೆಂದು ಮನುಷ್ಯನನ್ನು ತೆಗೆದವರು, ಅದರಿಂದ ಬಂದ ಅಂಕಿಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಇದನ್ನು ಬರೆಯುವಾಗಲೂ ಆ ನಗುವಿನ ಮೇಲೆ ನನಗೆ ಸಿಟ್ಟು. ಅದಕ್ಕಿಂತ ಹೆಚ್ಚು ನನ್ನ ಮೇಲೆ.

ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕೆಲಸದ ಮಾತೇ ಎತ್ತಲಿಲ್ಲ. “ಆ ಎಲ್ಡು ಇಲಿನ ತಗ್ದಾಕುದ್ರೇನವ್ವ?” ಎಂದು ಕೇಳಿದರು. ಹೂಂ ಎಂದೆ. ಸಮಾಧಾನದಿಂದ ತಲೆಯಾಡಿಸಿ ದುದ್ದದ ಬಸ್ಸು ಹತ್ತಿದರು.

ಕಳೆದ ತಿಂಗಳು ತೀರಿಕೊಂಡರು. ನನ್ನ ಸುಳ್ಳನ್ನು ನಂಬಿಯೇ ಹೋದರು.

ಮೊನ್ನೆ ಆ ಎರಡು ಇಲಿಗಳನ್ನು ಬಿಟ್ಟು ಲೆಕ್ಕ ಮಾಡಿ ನೋಡಿದೆ. ಔಷಧದಿಂದ ಯಾವ ಗುಣವೂ ಕಾಣಲಿಲ್ಲ. ಈ ಪ್ರಯೋಗದ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲವೆಂದು ಮಾರ್ಗದರ್ಶಕರಿಗೆ ಬರೆದುಕೊಟ್ಟಿದ್ದೇನೆ. ಕಾರಣವೆಂದು ಆ ದಿನ ತಪ್ಪೊಪ್ಪಿಕೊಂಡವರು ಹೇಳಿದ ಮಾತನ್ನೇ, ಅವರ ಹೆಸರಿನೊಂದಿಗೆ ಬರೆದೆ. ಅದರ ಕೆಳಗೆ, ಕೇಳಿಯೂ ಸುಮ್ಮನಿದ್ದವಳೆಂದು ನನ್ನ ಹೆಸರು.