ನಾನು ಬಾಗಿಸಿದ ಗೆರೆ

ಆಗ ಹೈದರಾಬಾದಿನ ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ನಕ್ಷೆ ತೆಗೆಯುವುದು ನನ್ನ ಹೊಟ್ಟೆಪಾಡು. ಪ್ರೊಫೆಸರರು ಕೊಟ್ಟ ಅಂಕಿಗಳನ್ನು ಕಪ್ಪು ಶಾಯಿಯಲ್ಲಿ ಅಂದಗಾಣಿಸಿ ಕೊಡುತ್ತಿದ್ದೆ. ತಲೆ ಅವರದು, ಕೈ ನನ್ನದು. ಆದರೂ ಆ ಸಲ ನಾನೇ ತಲೆ ಓಡಿಸಿದೆ.

ಕಲ್ಲಾಗಿ ಉಳಿದ ಚಿಪ್ಪುಗಳ ಕೆಲಸವದು. ಒಂದು ಜಾತಿಯ ಜೀವಿ ಹುಟ್ಟಿ ಎಷ್ಟು ಕಾಲವಾಯಿತು ಎಂಬುದು ಹಾಳೆಯ ಕೆಳಗೆ, ಅದು ಪೂರ್ತಿ ಅಳಿದುಹೋಗುವ ಅಪಾಯ ಎಷ್ಟು ಎಂಬುದು ಪಕ್ಕದಲ್ಲಿ. ಚುಕ್ಕೆ ಇಟ್ಟು ನೋಡಿದರೆ ಎಡದಿಂದ ಬಲದವರೆಗೆ ಎಲ್ಲ ಒಂದೇ ಎತ್ತರದಲ್ಲಿ ಸಾಲಾಗಿ ಕೂತಿದ್ದವು. ಎಲ್ಲೋ ತಪ್ಪಾಗಿದೆ ಅಂದುಕೊಂಡೆ. ಹಳೆಯದು ಮೊದಲು ಹೋಗಬೇಕಲ್ಲ! ಗೆರೆಯ ಬಲತುದಿಯನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿಬಿಟ್ಟೆ.

ಪ್ರೊಫೆಸರರು ಹಾಳೆ ನೋಡಿ ಕನ್ನಡಕ ತೆಗೆದರು. ತೆಲುಗಿನಲ್ಲಿ ಅವರು ಹೇಳಿದ್ದು ಇಷ್ಟು: ಮುಪ್ಪು ಬರುವುದು ಒಂದೊಂದು ಜೀವಕ್ಕೆ, ಇಡೀ ಜಾತಿಗಲ್ಲ. ಈ ಚಿಪ್ಪುಗಳ ಮಟ್ಟಿಗೆ, ಲಕ್ಷಾಂತರ ವರ್ಷ ಬಾಳಿದ್ದಕ್ಕೂ ಈಚೆಗೆ ಹುಟ್ಟಿದ್ದಕ್ಕೂ ಅಪಾಯ ಒಂದೇ. ಬೇರೆ ಕೆಲವು ಜೀವಿಗಳಲ್ಲಿ ಹೊಸದೇ ಮೊದಲು ಹೋಗುವುದೂ ಉಂಟು; ಹೊಸದು ಎಲ್ಲೋ ಒಂದು ಕಡೆ ಸ್ವಲ್ಪವೇ ಇರುತ್ತದೆ, ಒಂದು ಕೆಟ್ಟ ಬೇಸಿಗೆ ಬಂದರೆ ಮುಗಿಯಿತು. ಚುಕ್ಕೆ ಇದ್ದಲ್ಲಿ ಗೆರೆ ಎಳೆಯಬೇಕು, ನಮ್ಮ ಮನಸ್ಸಿಗೆ ಬಂದಲ್ಲಿ ಅಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲೇ ತಿದ್ದಿದರಾಯಿತೆಂದು ಹಾಳೆ ಸುತ್ತಿಕೊಂಡು ಹಿಮಾಯತ್‌ನಗರಕ್ಕೆ ಬಂದೆ.

ಮನೆಯಲ್ಲಿ ಅಜ್ಜಿಗೆ ದಮ್ಮು ಹೆಚ್ಚಾಗಿತ್ತು. ತೊಂಬತ್ತರ ಹತ್ತಿರದ ಜೀವ. ಬಾಯಿಗೆ ಬೆಸುಗೆ ಹಾಕಿದ ಗಂಗಾಜಲದ ಗಿಂಡಿಯೊಂದು ಆಕೆಯ ಕೊನೆಗಳಿಗೆಗೆಂದೇ ದೇವರ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಕಾದಿತ್ತು. ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕುತ್ತ, "ಇದು ನನ್ನ ಟಿಕೀಟು" ಎಂದು ಅಜ್ಜಿ ನಗುತ್ತಿದ್ದಳು.

ಓಡಿಹೋಗಿ ಡಾಕ್ಟರರನ್ನು ಕರೆತಂದೆ. ನನ್ನ ಹೆಂಡತಿ ಹತ್ತು ತಿಂಗಳ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಕೂಸಿನ ಮೈ ಭಾಳ ಸುಡಾಕತ್ತೈತ್ರಿ. ಒಮ್ಮೆ ತೋರಸೂಣ್ರಿ."

"ಹಲ್ಲು ಬರೂ ಜ್ವರ ಅದು. ಮೊದಲ ಅಜ್ಜೀನ್ನ ನೋಡ್ಲಿ," ಎಂದು ಗದರಿಸಿದೆ.

ಡಾಕ್ಟರರು ಅಜ್ಜಿಯ ಎದೆಗೆ ಬೆನ್ನಿಗೆ ನಳಿಕೆ ಇಟ್ಟು ನೋಡಿ, ಇಂಜೆಕ್ಷನ್ ಕೊಟ್ಟರು. ಅವರ ಚೀಲ ಹಿಡಿದು ಗೇಟಿನವರೆಗೆ ನಾನೇ ಹೋದೆ. ಹೆಂಡತಿ ಇನ್ನೂ ಬಾಗಿಲಲ್ಲೇ ಇದ್ದಳು. ನಾನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಎದ್ದು ಕೂತು ಚಹಾ ಕೇಳಿದಳು. ಅಜ್ಜಿ ಗೆದ್ದಳೆಂದು ನಾವು ನಗುತ್ತಿರುವಾಗಲೇ ಕೂಸು ಸೆಟೆದುಕೊಂಡಿತು. ನಾನು ರಿಕ್ಷಾ ತರುವಷ್ಟರಲ್ಲಿ ಕಣ್ಣು ಮೇಲಾಗಿತ್ತು. ನಮ್ಮವ್ವ ದೇವರ ಮನೆಗೆ ಓಡಿ, ಅಡಕೊತ್ತಿನಿಂದ ಗಿಂಡಿಯ ಬೆಸುಗೆ ಮುರಿದು, ಕೂಸಿನ ಬಾಯಿಗೆ ಎರಡು ಹನಿ ಬಿಟ್ಟಳು. ಅವಳು ತುಟಿ ಬಿಡಿಸಿದಾಗ ನಾನು ನೋಡಿದೆ. ವಸಡಿನಲ್ಲಿ ಎಲ್ಲೂ ಹಲ್ಲಿನ ಗುರುತಿರಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ, ಹೆಂಡತಿಯೂ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹದಿನೈದು ದಿನ ಕಳೆದ ಮೇಲೆ ಹಾಳೆ ಬಿಚ್ಚಿದೆ. ಬಾಗಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆದು, ಅಡಿಪಟ್ಟಿ ಇಟ್ಟು ಚುಕ್ಕೆ ಇದ್ದಲ್ಲೇ ಎಳೆದೆ. ಅಜ್ಜಿ ಪಕ್ಕದಲ್ಲಿ ಕೂತಿದ್ದಳು. ಖಾಲಿ ಗಿಂಡಿ ಆಕೆಯ ಮಡಿಲಲ್ಲಿತ್ತು.

"ನನ್ನ ಟಿಕೀಟು ಅಕೀಗೆ ಯಾಕ ಕೊಟ್ರೋ?" ಎಂದು ಕೇಳಿದಳು.