ಭಾಲ್ಕಿಯ ಸಾಲಿಯಲ್ಲಿ ಲ್ಯಾಟಿನ್

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ನಾನು ಭಾಲ್ಕಿಯ ಒಂದು ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದೆ. ನಾನು ಓದಿದ್ದು ಪೂರ್ತಿ ಉರ್ದುವಿನಲ್ಲಿ, ಅಲ್ಲಿಯವರೆಗೆ ಕಲಿಸಿದ್ದೂ ಉರ್ದುವಿನಲ್ಲಿಯೇ. ಕನ್ನಡ ಮನೆಯ ಮಾತು. ಅದರ ಅಕ್ಷರಗಳನ್ನು ದೊಡ್ಡವನಾದ ಮೇಲೆ ನಾನೇ ಕೂತು ಕಲಿತಿದ್ದೆ. ದಿನಚರಿಯನ್ನು ಆ ನವೆಂಬರ್ ಒಂದರಿಂದ ಕನ್ನಡಕ್ಕೆ ಬದಲಾಯಿಸಿದ್ದೆ. ದಿನಕ್ಕೆ ಎಷ್ಟು ಸಾಲು ಬರೆದೆ, ಎಷ್ಟು ಸಾಲು ಹೊಡೆದುಹಾಕಿದೆ ಎಂದು ಪುಟದ ಕೆಳಗೆ ಲೆಕ್ಕ ಇಡುತ್ತಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಹೊಡೆದುಹಾಕುವುದು ಕಡಿಮೆಯಾಗಿತ್ತು. ಹೀಗಾಗಿ ಕೈ ಪಳಗಿದೆ ಎಂದೇ ನಂಬಿದ್ದೆ.

ಡಿಸೆಂಬರಿನಲ್ಲಿ ಹೆಡ್ ಮಾಸ್ತರರು ಕರೆದರು. ಇನ್‌ಸ್ಪೆಕ್ಟರು ಬರುತ್ತಾರೆ, ಉರ್ದುವಿನಲ್ಲಿ ಕಲಿಸುತ್ತಿದ್ದವರು ಅವರ ಎದುರು ಕನ್ನಡದಲ್ಲಿ ಒಂದು ಪಾಠ ಮಾಡಿ ತೋರಿಸಬೇಕು, ಅವರಿಗೆ ಒಪ್ಪಿಗೆಯಾದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಬೇಸಿಗೆ ರಜೆಗೆ ಮುಗಿಯುತ್ತದೆ ಎಂದರು. ಪಾಠ ಯಾವುದಾದರೂ ಆಗಬಹುದಿತ್ತು. ರೋಮಿನ ಪಾಠದಲ್ಲಿ ‘ಲ್ಯಾಟಿನ್’ ಎಂಬ ಮಾತು ವಿವರಣೆಯಿಲ್ಲದೆ ಬರುತ್ತಿತ್ತು. ರೋಮಿನವರ ಭಾಷೆಗೆ ಆ ಹೆಸರು ಯಾಕೆ ಎಂದು ಹುಡುಗರು ಹಿಂದೆ ಕೇಳಿದಾಗ ಉತ್ತರ ನನ್ನಲ್ಲಿ ಇರಲಿಲ್ಲ. ಅದನ್ನೇ ಆರಿಸಿಕೊಂಡೆ.

ಶನಿವಾರ ಬೀದರಿಗೆ ಹೋದೆ. ಗಾಂಧಿ ಗಂಜಿನ ಪೇಟೆಯಲ್ಲಿ ಉದ್ದಿನ ಚೀಲ ಹೊತ್ತ ಬಂಡಿಗಳು ರಸ್ತೆ ಕಟ್ಟಿದ್ದವು. ಅವುಗಳ ನಡುವೆ ನುಸುಳಿ ವಾಚನಾಲಯ ಸೇರಿದಾಗ ಮಧ್ಯಾಹ್ನವಾಗಿತ್ತು. ಅಲ್ಲಿನ ದಪ್ಪ ಪುಸ್ತಕವೊಂದರಿಂದ ಬರೆದುಕೊಂಡದ್ದರಲ್ಲಿ ಮುಖ್ಯವಾದದ್ದು ಇಷ್ಟು: ಇಟಲಿಯಲ್ಲಿ ಲ್ಯಾಟಿಯಂ ಎಂಬ ಬಯಲುನಾಡು ಇತ್ತು. ಅಲ್ಲಿಯ ಜನ ಲ್ಯಾಟಿನರು, ಅವರ ಮಾತು ಲ್ಯಾಟಿನ್. ಆ ನಾಡಿನ ಹಲವು ಊರುಗಳಲ್ಲಿ ರೋಮ್ ಒಂದು, ಅಷ್ಟೇ. ನಾಡಿನ ಹೆಸರಿಗೆ ‘ಅಗಲವಾದದ್ದು’ ಎಂಬ ಅರ್ಥ ಇರಬಹುದು, ಆದರೆ ಖಾತ್ರಿ ಇಲ್ಲ. ರೋಮ್ ಬೆಳೆದ ಮೇಲೆ ಪೂರ್ತಿ ರೋಮಿನವನೂ ಅಲ್ಲದ, ಪೂರ್ತಿ ಪರದೇಶಿಯೂ ಅಲ್ಲದ ಪ್ರಜೆಯನ್ನು ಕಾಯಿದೆಯಲ್ಲಿ ಲ್ಯಾಟಿನ್ ಎಂದರು, ಅವನು ಆ ಬಯಲನ್ನು ಕಣ್ಣಿನಿಂದ ನೋಡಿರದಿದ್ದರೂ ಸರಿ. ಮುಂದೆ ಅದು ಚರ್ಚಿನ ಭಾಷೆಯ ಹೆಸರಾಯಿತು, ಅಕ್ಷರಗಳ ಹೆಸರಾಯಿತು, ಕಡಲಾಚೆಯ ಅರ್ಧ ಖಂಡದ ಹೆಸರೂ ಆಯಿತು.

ಭಾನುವಾರ ಔರಾದ ಹತ್ತಿರದ ನಮ್ಮ ಹಳ್ಳಿಗೆ ಹೋದೆ. ಅಪ್ಪ ಜೋಳ ಕೊಯ್ದ ಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ. ಇನ್‌ಸ್ಪೆಕ್ಟರ ಎದುರು ಪಾಠ ಮಾಡಬೇಕಾದದ್ದನ್ನೂ ನೌಕರಿಯ ಮಾತನ್ನೂ ಹೇಳಿದೆ.

“ಏನ್ ಪಾಠ ಮಾಡ್ತಿ?” ಎಂದು ಕೇಳಿದ.

“ಲ್ಯಾಟಿನ್ ಅಂದ್ರ ಏನು ಅಂತ.”

“ಯಾರ ಮಾತದು?”

“ಸತ್ತವರದು. ಈಗ ಯಾರೂ ಮನ್ಯಾಗ ಆಡೋದಿಲ್ಲ.”

“ಬದುಕಿದ್ದಾಗ ಏನ್ ಮಾಡ್ತಿದ್ರು?”

ನಾನು ಜೇಬಿನ ಕಾಗದ ತೆಗೆದು ನೋಡಬೇಕಾಯಿತು. “ಕುರಿ ದನ ಸಾಕ್ತಿದ್ರಂತ. ಸಣ್ಣ ಹೊಲ ಇದ್ವಂತ.”

“ಮತ್ತ ಅದು ಹೇಳು. ಸತ್ತವರು ಅಂತ ಸುರು ಮಾಡಿದ್ರ ಹುಡುಗ್ರು ಮಲಗ್ತಾವ, ನಿನ್ನ ಸಾಹೇಬನೂ ಮಲಗ್ತಾನ.” ಕುರಿಗಳ ಕಡೆಗೇ ನೋಡುತ್ತ, “ನೌಕ್ರಿ ಹೋದ್ರ ಹೋಗ್ಲಿ. ಕುರಿ ಅದಾವ” ಎಂದ. ಸಮಾಧಾನಕ್ಕೆ ಹೇಳಿದ ಮಾತು. ಆದರೆ ನಮ್ಮ ಮನೆತನದಲ್ಲಿ ಸಂಬಳದ ನೌಕರಿ ಹಿಡಿದವನು ನಾನೊಬ್ಬನೇ ಆಗಿದ್ದೆ.

ಪಾಠದ ದಿನ ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೂತರು. ಮೈಸೂರು ಕಡೆಯವರು, ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿದ್ದರು. ನಾನು ಸೀಮೆಸುಣ್ಣ ಹಿಡಿದು ಬೋರ್ಡಿನ ಹತ್ತಿರ ಹೋದೆ. ‘ಲ್ಯಾ’ ಬರೆದೆ. ಮುಂದಿನ ಅಕ್ಷರಕ್ಕೆ ಕೈ ಸರಿಸಿದರೆ ಸುಣ್ಣ ಗೋಡೆಗೆ ತಗಲಿತು. ನಿತ್ಯದ ಅಭ್ಯಾಸದಂತೆ ಕಾಲು ನನ್ನನ್ನು ಬಲತುದಿಗೆ ಒಯ್ದು ನಿಲ್ಲಿಸಿತ್ತು. ಉರ್ದು ಅಲ್ಲಿಂದಲೇ ಶುರುವಾಗುತ್ತಿತ್ತು. ಕನ್ನಡ ಎಡದಿಂದ ಶುರುವಾಗುತ್ತದೆ ಎಂಬುದು, ಕಾಗದದ ಮೇಲೆ ಪಳಗಿದ್ದ ಕೈಗೆ ಬೋರ್ಡಿನ ಎದುರು ಮರೆತೇಹೋಗಿತ್ತು.

“ಮಾಸ್ತರ್ರೀ, ಬೋರ್ಡ್ ಮುಗೀತ್ರಿ!” ಎಂದ ಮುಂದಿನ ಸಾಲಿನವನು. ತರಗತಿ ನಕ್ಕಿತು.

ಒರೆಸಲು ಬಟ್ಟೆ ಎತ್ತಿದೆ, ಮತ್ತೆ ಇಳಿಸಿದೆ. ವಾಚನಾಲಯದ ಪುಸ್ತಕದಲ್ಲಿ ಕಂಡ ಲ್ಯಾಟಿಯಮ್ಮಿನ ನಕ್ಷೆ ನೆನಪಿಗೆ ಬಂದಿತ್ತು: ಅದರ ಬೆಟ್ಟಗಳು ಪೂರ್ವಕ್ಕೆ, ಎಂದರೆ ಬಲಕ್ಕೆ. ಬರೆದ ಅಕ್ಷರದ ಸುತ್ತ ಬೆಟ್ಟದ ಗೆರೆ ಎಳೆದೆ. ಅಲ್ಲಿಂದ ಎಡಕ್ಕೆ ಬಯಲು, ಮೇಲೆ ನದಿ, ನದಿಯ ದಂಡೆಗೆ ಒಂದು ಚುಕ್ಕೆ ರೋಮ್, ಎಡತುದಿಗೆ ಕಡಲು.

“ಇದು ಬಯಲು. ಇಲ್ಲಿ ಕುರಿ ಮೇಯ್ತಿದ್ವು” ಎಂದು ಶುರು ಮಾಡಿದೆ. ಆಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. ಪುಸ್ತಕದ ಕನ್ನಡ ಸಿದ್ಧಮಾಡಿಕೊಂಡು ಬಂದಿದ್ದೆ, ಬಾಯಿಗೆ ಬಂದದ್ದು ಮನೆಯದು. ಬಯಲಿನ ಮಾತಿಗೆ ಬಯಲಿನ ಹೆಸರು ಬಂತು, ಚುಕ್ಕೆಯಷ್ಟಿದ್ದ ಊರು ಆಮೇಲೆ ಎಲ್ಲರನ್ನೂ ಆಳಿತು, ಹೆಸರು ಮಾತ್ರ ಹಳೆಯದೇ ಉಳಿಯಿತು ಎಂದೆ.

ಕಿಟಕಿ ಕಡೆಯ ಹುಡುಗ ಎದ್ದು ನಿಂತ. “ನಾವೀಗ ಮೈಸೂರಿಗಿ ಸೇರೇವಲ್ರಿ. ನಮ್ಮ ಮಾತಿಗಿ ಮೈಸೂರಿ ಅಂತಾರೇನ್ರಿ?”

“ಏ, ನಿನ್ನ ಮಾತಿಗಿ ಏನೂ ಅನ್ನಂಗಿಲ್ಲ, ಕೂಡ್ರು” ಎಂದ ಪಕ್ಕದವನು.

ಎಲ್ಲರಿಗಿಂತ ಜೋರಾಗಿ ನಕ್ಕವರು ಇನ್‌ಸ್ಪೆಕ್ಟರು. “ಇಲ್ಲಪ್ಪ” ಎಂದರು, “ಯಾವ ಊರೇ ಆಳಲಿ, ಕನ್ನಡ ಕನ್ನಡವೇ.”

ಪಾಠ ಮುಗಿದ ಮೇಲೆ ಅವರು ನನ್ನನ್ನು ಹೆಡ್ ಮಾಸ್ತರರ ಕೋಣೆಗೆ ಕರೆಸಿದರು. “ಆ ಮೂಲೆಯಿಂದ ಯಾಕ್ರೀ ಶುರು ಮಾಡಿದ್ರಿ?”

“ಉರ್ದು ಸಾಲ್ಯಾಗ ಕಲ್ತೇನ್ರಿ. ಕಾಲು ತಾನೇ ಅಲ್ಲಿಗಿ ಹೋಯ್ತ್ರಿ.”

“ಮಾತಿಗೆ ಅಡ್ಡಿಯಿಲ್ಲ. ಕೆಲವು ಪದ ನನಗೆ ತಿಳೀಲಿಲ್ಲ, ಮಕ್ಕಳಿಗೆ ತಿಳೀತಲ್ಲ, ಸಾಕು.” ಅವರ ತೀರ್ಮಾನ ಹೀಗಿತ್ತು: ಚರಿತ್ರೆ ಕಲಿಸಬಹುದು. ಕನ್ನಡ ಬರವಣಿಗೆಯ ಪರೀಕ್ಷೆಯಲ್ಲಿ ಪಾಸಾಗುವವರೆಗೆ ಭಾಷೆಯ ತರಗತಿ ಕೊಡಬಾರದು. ಕೆಲಸ ಉಳಿಯಿತು. ಅಪ್ಪನಿಗೆ ತಿಳಿಸಲು ಔರಾದ ಕಡೆ ಹೊರಟವರೊಬ್ಬರಲ್ಲಿ ಹೇಳಿ ಕಳಿಸಿದೆ.

ಮರುದಿನ ತರಗತಿಗೆ ಹೋದಾಗ ಮೇಜು, ಕುರ್ಚಿ, ನೀರಿನ ಕೊಡ ಎಲ್ಲವನ್ನೂ ಹುಡುಗರು ಬೋರ್ಡಿನ ಬಲತುದಿಗೆ ಒಟ್ಟಿದ್ದರು. ನಿಲ್ಲಲು ಎಡಗಡೆ ಮಾತ್ರ ಜಾಗ ಇತ್ತು. ಯಾರೂ ನಗಲಿಲ್ಲ, ಎಲ್ಲರೂ ಪುಸ್ತಕ ನೋಡುತ್ತಿದ್ದರು. ನಾನು ಎಡಕ್ಕೆ ಹೋಗಿ ನಿಂತು ತಾರೀಖು ಬರೆದೆ.