ಪರೀಕ್ಷೆಗೆ ಮುಂಚೆ ಅಪ್ಪ ಕೇಳಿದ ಪ್ರಶ್ನೆ

ಆಗ ನಾನು ಮಧುಗಿರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಗಲ್ಫಿನಲ್ಲಿ ಕೆಲಸಕ್ಕೆ ಸೇರಲು ಬೇಕಾದ ಲೈಸೆನ್ಸ್ ಪರೀಕ್ಷೆ ಹತ್ತಿರವಾದಾಗ ರಜೆ ಹಾಕಿ ಕೊಳಾಲದ ಮನೆಗೆ ಬಂದೆ. ಓದಿದ್ದಕ್ಕೇನೂ ಕೊರತೆಯಿರಲಿಲ್ಲ. ಆದರೂ ಮಾದರಿ ಪರೀಕ್ಷೆ ಬರೆದಾಗಲೆಲ್ಲ ಸ್ವಲ್ಪದರಲ್ಲೇ ಪಾಸು ತಪ್ಪುತ್ತಿತ್ತು.

ಅಮ್ಮ ಅಂಗನವಾಡಿ ಟೀಚರ್. ಪಾವಗಡದ ರೂಟಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಅಪ್ಪ ಆಗಷ್ಟೇ ನಿವೃತ್ತರಾಗಿ ಮನೆಯಲ್ಲಿ ಹೊತ್ತು ಹೋಗದೆ ಒದ್ದಾಡುತ್ತಿದ್ದರು. ಸರಿಯುತ್ತರಗಳ ಹಾಳೆ ಹಿಡಿದು ಎದುರು ಕೂರುವಂತೆ ಅವರನ್ನು ನಾನೇ ಕೇಳಿಕೊಂಡೆ. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಎ, ಬಿ, ಸಿ, ಡಿ ನೋಡಿ ಸರಿಯೋ ತಪ್ಪೋ ಹೇಳಲು ಅವರಿಗೆ ಅಡ್ಡಿಯಿರಲಿಲ್ಲ. ಪ್ರಶ್ನೆಗಳನ್ನು ನಾನು ಕನ್ನಡದಲ್ಲೂ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ, ರಕ್ತ ಕೊಡುತ್ತಿರುವಾಗ ರೋಗಿಗೆ ಚಳಿ, ನಡುಕ ಬಂದರೆ ಮೊದಲು ಏನು ಮಾಡಬೇಕು ಎಂಬ ಪ್ರಶ್ನೆ ಬಂತು. ರಕ್ತ ನಿಲ್ಲಿಸಬೇಕು ಎಂದೆ. ಇಷ್ಟು ಸುಲಭವಿರಲಾರದು ಅನ್ನಿಸಿ, ಅಲ್ಲ, ಡಾಕ್ಟರಿಗೆ ತಿಳಿಸಬೇಕು ಎಂದು ಬದಲಾಯಿಸಿದೆ. ಅಪ್ಪ ಹಾಳೆ ಕೆಳಗಿಟ್ಟರು.

“ಆಸ್ಪತ್ರೇಲಿ ಇಂಗಾದ್ರೆ ಏನ್ ಮಾಡ್ತೀಯಮ್ಮ?”

“ನಿಲ್ಲಿಸ್ತೀನಿ. ಆಮೇಲೆ ಡಾಕ್ಟ್ರನ್ನ ಕರೆಯೋದು.”

“ಮತ್ತೆ ಇಲ್ಲಿ ಯಾಕೆ ಬದಲಾಯಿಸ್ಬುಟ್ಟೆ? ನಿನ್ನೆಯಿಂದ ನೋಡ್ತಾ ಇದೀನಿ ಕಣಮ್ಮ. ಮೊದ್ಲು ಸರಿಯಾಗೇ ಹೇಳ್ತೀಯ. ಆಮೇಲೆ ನೀನೇ ಕೆಡಿಸ್ಕಂತೀಯ.”

ನಂಬಲಾಗದೆ ಹಳೆಯ ಮಾದರಿ ಪರೀಕ್ಷೆಗಳನ್ನು ತೆಗೆದು ನೋಡಿದೆ. ನಾನು ಹೊಡೆದುಹಾಕಿದ್ದ ಉತ್ತರಗಳಲ್ಲಿ ಹೆಚ್ಚಿನವು ಸರಿಯಾದವೇ! ನಗು ತಡೆಯಲಾಗಲಿಲ್ಲ. ಗೊತ್ತಿಲ್ಲವೆಂದು ನಾನು ಅಂಜುತ್ತಿದ್ದುದೆಲ್ಲ ನನಗೆ ಗೊತ್ತೇ ಇತ್ತು.

ಅಂದಿನಿಂದ ಪ್ರತಿ ಪ್ರಶ್ನೆಗೂ ನಮ್ಮ ವಾರ್ಡಿನ ಮಂಚವೊಂದನ್ನು ಕಣ್ಣ ಮುಂದೆ ತಂದುಕೊಂಡೆ. ಅಲ್ಲಿ ಮಾಡುವುದನ್ನೇ ಇಲ್ಲಿ ಹೇಳಿದೆ. ನಿಜವಾಗಿಯೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡು ಓದಿದೆ. ಅಂಕಗಳು ಏರತೊಡಗಿದವು. ಕೂತಲ್ಲಿ ಕೂರಲಾಗದೆ ಅಂಗಳದಲ್ಲಿ ಓಡಾಡುತ್ತಾ ಉತ್ತರ ಹೇಳುತ್ತಿದ್ದೆ. ಅಪ್ಪ ಹಾಳೆ ಹಿಡಿದು ಹಿಂದೆಯೇ ಬರುತ್ತಿದ್ದರು. ಕೆಲಸದಿಂದ ಬಂದ ಅಮ್ಮ ಚಪ್ಪಲಿ ಬಿಡುವ ಮೊದಲೇ ಇವತ್ತೆಷ್ಟು ಬಂತು ಎಂದು ಕೇಳುತ್ತಿದ್ದರು. ಪರೀಕ್ಷೆ ಬೇಗ ಬರಬಾರದೇ ಅನ್ನಿಸತೊಡಗಿತು.

ಪರೀಕ್ಷೆಗೆ ಬೆಂಗಳೂರಿಗೆ ಅಪ್ಪನೂ ಬಂದರು. ಕಂಪ್ಯೂಟರಿನ ಮುಂದೆ ಕೂತೆ. ಮೊದಲ ಪ್ರಶ್ನೆ ಉಸಿರಾಟಕ್ಕೆ ಕಷ್ಟಪಡುವ ಮಗುವಿನದು. ಅಂಥ ಮಕ್ಕಳನ್ನು ಎಷ್ಟೋ ಸಲ ನೋಡಿಕೊಂಡಿದ್ದೆ. ಉತ್ತರ ಒತ್ತಿ ಮುಂದೆ ಹೋದೆ. ಆಮೇಲೆ ತಡವರಿಸಲಿಲ್ಲ.

ಎಲ್ಲ ಮುಗಿದ ಮೇಲೆ ತೆರೆಯ ಮೇಲೆ ‘ಪಾಸ್’ ಎಂದು ಬಂತು. ಮೆಟ್ಟಿಲಿಳಿದು ಓಡಿದೆ. ಅಪ್ಪ ಟೀ ಅಂಗಡಿಯ ಬಳಿ ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

ಕೊಳಾಲದಲ್ಲಿ ಬಸ್ಸಿಳಿದು ಮನೆಗೆ ಹೋಗದೆ ನೇರ ಅಂಗನವಾಡಿಗೆ ಹೋದೆವು. ಅಮ್ಮ ಒಂದು ಮಗುವಿನ ಮೂತಿ ಒರೆಸುತ್ತಿದ್ದವರು ಹಾಗೇ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಏನಾಯಿತೆಂದು ತಿಳಿಯದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.